ನಾಟಕರತ್ನ ಗುಬ್ಬಿ ವೀರಣ್ಣ

ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆ ಜಾತ್ರೆಯೆಂದರೆ ತೇರಿನ ಜೊತೆಗೆ ನಾಟಕವೂ ಇರಬೇಕು. ರಾಜನ ಮಾತನ್ನು ಮರೆತರೂ ಹಾಸ್ಯಗಾರನ ಮಾತನ್ನು ಮನೆಯವರೆಗೆ ಹೊತ್ತುತರುವ ಜನ ನಾವು. ಅಂಥ ಹಾಸ್ಯಗಾರನ ಪಾತ್ರಕ್ಕೆ ರಾಜಪಾತ್ರದ ಗೌರವವನ್ನು ಗಳಿಸಿಕೊಟ್ಟ ಮಹನೀಯರು ಗುಬ್ಬಿ ವೀರಣ್ಣನವರು.

ಅವರ ಜನ್ಮಸ್ಥಳ ತುಮಕೂರು ಜಿಲ್ಲೆಯ ಗುಬ್ಬಿ. ತಂದೆಯ ಹೆಸರು ಹಂಪಣ್ಣ; ನಮ್ಮ ಹಂಪೆಯ ಒಡೆಯನನ್ನು ನೆನಪಿಗೆ ತರುವ ಹೆಸರು. ಆ ಊರಿನಲ್ಲಿ 1884ರಲ್ಲಿ ಸ್ಥಾಪಿತವಾಗಿದ್ದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಸೇರಿದರು. ರಂಗವೇ ಅವರ ಪಾಠಶಾಲೆಯಾಯಿತು. 1917ರಲ್ಲಿ ಕಂಪನಿಯ ಒಡೆತನವೇ ಅವರ ಹೆಗಲೇರಿತು. ಅಂದಿನಿಂದ ನಟರು, ವಾದ್ಯಗಾರರು, ಪರದೆ ಎಳೆಯುವವರು, ಅಡಿಗೆಯವರು ಎಲ್ಲರ ಅನ್ನದ ಚಿಂತೆ ಅವರದಾಯಿತು.

ಕಂಪನಿಗೆ ಕೀರ್ತಿ ತಂದ ನಾಟಕಗಳಲ್ಲಿ ‘ಸದಾರಮೆ’ ಮುಖ್ಯವಾದುದು. ರಾಜಕುಮಾರನ ಕೈಹಿಡಿದ ವರ್ತಕನ ಮಗಳು ಅರಣ್ಯದ ಪಾಲಾಗಿ, ಒದಗಿದ ಕಷ್ಟಗಳನ್ನೆಲ್ಲ ಜಾಣ್ಮೆಯಿಂದ ಗೆಲ್ಲುವ ಕಥೆ ಅದು. ಅವಳನ್ನು ವಶಮಾಡಿಕೊಳ್ಳಲು ಹೋಗಿ ತಾನೇ ಮೋಸಹೋಗುವ ಕಳ್ಳನ ಪಾತ್ರದಲ್ಲಿ ವೀರಣ್ಣನವರು ಜನರನ್ನು ನಗೆಗಡಲಲ್ಲಿ ಮುಳುಗಿಸಿದರು.

ಅಷ್ಟರಲ್ಲಿ ಸಿನಿಮಾದ ಕಾಲ ಬಂದಿತು. ನಾಟಕದ ಡೇರೆಗಳಿಗೆ ಅದು ಪ್ರಬಲ ಪ್ರತಿಸ್ಪರ್ಧಿ. ವೀರಣ್ಣನವರಾದರೋ ಅದನ್ನು ಕಂಡು ಬಾಗಿಲು ಮುಚ್ಚಿಕೊಳ್ಳಲಿಲ್ಲ. 1930ರ ದಶಕದ ಆರಂಭದಲ್ಲಿಯೇ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದ್ದರು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದಿತು. ಮರುವರ್ಷವೇ ‘ಸದಾರಮೆ’ಯೂ ತೆರೆಯನ್ನೇರಿತು. ನಿರ್ದೇಶಕರು ರಾಜಾ ಚಂದ್ರಶೇಖರ್. ನಾಯಿಕೆಯ ಪಾತ್ರಕ್ಕೆ ಬೇಕಾದದ್ದು ರೂಪಕ್ಕಿಂತ ಕಂಠ. ಹಿನ್ನೆಲೆ ಗಾಯನವಿಲ್ಲದ ಆ ದಿನಗಳಲ್ಲಿ ನಟಿಸುವವರೇ ಹಾಡಬೇಕಾಗಿತ್ತು. ಆ ಪಾತ್ರ ಕೆ. ಅಶ್ವತ್ಥಮ್ಮನವರಿಗೆ ಸಂದಿತು. ಆಯ್ಕೆ ಎಷ್ಟು ಯೋಗ್ಯವಾಗಿತ್ತೆಂಬುದಕ್ಕೆ 1937ರ ತಮಿಳು ಚಿತ್ರ ‘ಚಿಂತಾಮಣಿ’ಯೇ ಸಾಕ್ಷಿ, ಅದರಲ್ಲಿ ತ್ಯಾಗರಾಜ ಭಾಗವತರ ಎದುರು ನಟಿಸಿ ಅವರು ನಾಡೆಲ್ಲ ಹೆಸರಾದರು.

ರಂಗದ ವಿನೋದವನ್ನು ತೆರೆಗೆ ತರುವುದು ಸುಲಭದ ಕೆಲಸವಲ್ಲ. ರಾತ್ರಿ ಬಹುಹೊತ್ತು ನಡೆಯುವ ನಾಟಕವನ್ನು ಕೆಲವೇ ಗಂಟೆಗಳಿಗೆ ಇಳಿಸಬೇಕು. ಅದಕ್ಕಿಂತಲೂ ಕಠಿಣವಾದುದು ಇನ್ನೊಂದಿದೆ. ರಂಗದ ಮೇಲಿನ ಕಳ್ಳ ಪ್ರೇಕ್ಷಕರ ಮುಖವನ್ನು ನೋಡಿ ಮಾತು ಬೆಳೆಸುತ್ತಾನೆ. ನಗೆ ಏರಿದರೆ ತಡೆಯುತ್ತಾನೆ, ಇಳಿದರೆ ಹೊಸ ಮಾತು ಹೂಡುತ್ತಾನೆ. ಕ್ಯಾಮೆರಾ ನಗುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಅದರ ಮುಂದೆ ನಿಂತ ಹಾಸ್ಯನಟ ಕಾಣದ ಜನರನ್ನು ಮನಸ್ಸಿನಲ್ಲಿಯೇ ಕೂರಿಸಿಕೊಂಡು ನಟಿಸಬೇಕು. ವೀರಣ್ಣನವರು ಈ ಪರೀಕ್ಷೆಗೂ ಬಣ್ಣ ಹಚ್ಚಿ ನಿಂತರು.

ಆದರೂ ಅವರು ಡೇರೆಯನ್ನು ಬಿಡಲಿಲ್ಲ. ಚಿತ್ರದಿಂದ ಚಿತ್ರಕ್ಕೆ ಹೋದರೂ ರಂಗಕ್ಕೇ ಮರಳಿದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ ಅವರ ಸಾಹಸಕ್ಕೆ ನಿದರ್ಶನ. 1942ರಲ್ಲಿ ‘ಜೀವನ ನಾಟಕ’, 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರಗಳು ಬಂದವು. 1954ರ ‘ಬೇಡರ ಕಣ್ಣಪ್ಪ’ದ ತಯಾರಿಕೆಯಲ್ಲಿಯೂ ಅವರ ಪಾಲಿತ್ತು. ಅದೂ ರಂಗದಿಂದ ಬಂದ ಕಥೆಯೇ. ಗುಬ್ಬಿ ಕಂಪನಿಯ ನಟ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಅದರಲ್ಲಿ ನಾಯಕನಾಗಿ ರಾಜಕುಮಾರ್ ಎನಿಸಿದರು. ಹಾಸ್ಯಕ್ಕೆ ನರಸಿಂಹರಾಜು ಬಂದರು. ನಾಟಕದ ಅನ್ನವನ್ನು ಕಸಿಯಬಹುದಾಗಿದ್ದ ಸಿನಿಮಾಕ್ಕೆ ನಟರನ್ನು ಕೊಟ್ಟದ್ದು ನಾಟಕದ ಮನೆಯೇ.

1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಅವರು ಕೀರ್ತಿಶೇಷರಾದರು. ಮುಂದೆ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು, ಹೊಸ ತಲೆಮಾರು ಆ ಕಳ್ಳನನ್ನು ಕಂಡು ನಕ್ಕಿತು.

ಮಿತ್ರರೇ, ಹೊಸದು ಬಂದಾಗ ಹಳೆಯದನ್ನು ತೊರೆಯುವುದು ಸುಲಭ. ಹೊಸದನ್ನು ಹಳಿಯುತ್ತ ಕೂರುವುದು ಅದಕ್ಕಿಂತಲೂ ಸುಲಭ. ವೀರಣ್ಣನವರು ಎರಡನ್ನೂ ಮಾಡಲಿಲ್ಲ. ಮುಂದಿನ ಜಾತ್ರೆಯಲ್ಲಿ ನಾಟಕದ ಡೇರೆಯನ್ನು ಕಂಡಾಗ ಒಂದು ಟಿಕೀಟು ಕೊಂಡು ಒಳಹೊಕ್ಕರೆ, ಆ ಹಿರಿಯರಿಗೆ ನಾವು ಸಲ್ಲಿಸುವ ಗೌರವ ಅದೇ ಆದೀತು.