ವಿಷವನ್ನು ಸವಿದ ವೈದ್ಯಕವಿ

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಮದುವೆ ನಡೆಯಿತು. ಅದಕ್ಕೆ ಬೆಂಗಳೂರಿನಿಂದ ಬಂದ ನನ್ನ ಸೋದರತ್ತೆಯ ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಐವತ್ತು ದಾಟಿದವರ ಹಣೆ ಕನ್ನಡಿಯಂತೆ ನುಣುಪಾಗಿರುವುದನ್ನು ಕಂಡು ನೆಂಟರೆಲ್ಲ ಬೆರಗಾದರು. ಧಾರೆಯ ಹೊತ್ತಿನಲ್ಲಿ ಅತ್ತೆ ಕಣ್ಣೀರು ಸುರಿಸಿದರು. ಹುಬ್ಬು ಮಾತ್ರ ಅಲುಗಲಿಲ್ಲ. ಬೊಟಾಕ್ಸ್ ಎಂಬ ಚುಚ್ಚುಮದ್ದಿನ ಹೆಸರನ್ನು ನಾನು ಕೇಳಿದ್ದು ಅಂದೇ. ಅದೇನೆಂದು ತಿಳಿಯಹೊರಟವನಿಗೆ ಎದುರಾದವನು ಇನ್ನೂರು ವರ್ಷಗಳ ಹಿಂದಿನ ಒಬ್ಬ ಜರ್ಮನ್ ಕವಿ. ಆತನ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯುಸ್ಟಿನುಸ್ ಕೆರ್ನರನು 1786ರಲ್ಲಿ ವುರ್ಟೆಂಬರ್ಗ್ ಸೀಮೆಯ ಲುಡ್ವಿಗ್ಸ್‌ಬುರ್ಗ್ ಪಟ್ಟಣದಲ್ಲಿ ಜನಿಸಿದನು. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಹುಡುಗನು ಬಟ್ಟೆಯ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. 1804ರಲ್ಲಿ ಹೇಗೋ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಕಲಿತನು. ಅಲ್ಲಿಯೇ ಉಹ್ಲಂಡ್ ಕವಿಯ ಸ್ನೇಹ ದೊರೆಯಿತು. ಬುದ್ಧಿಭ್ರಮಣೆಗೊಳಗಾಗಿ ಅಲ್ಲಿನ ಚಿಕಿತ್ಸಾಲಯಕ್ಕೆ ಬಂದಿದ್ದ ಮಹಾಕವಿ ಹೋಲ್ಡರ್ಲೀನನನ್ನು ನೋಡಿಕೊಳ್ಳುವ ಕೆಲಸವೂ ಈ ವಿದ್ಯಾರ್ಥಿಯ ಪಾಲಿಗೆ ಬಂತು. ಕೆರ್ನರನ ಕವಿತೆಗಳ ಗುಣವನ್ನು ತೂಗಲು ನಾನು ಅರ್ಹನಲ್ಲ. 1840ರಲ್ಲಿ ಸಂಗೀತಗಾರ ಶೂಮನ್ ಅವುಗಳಲ್ಲಿ ಹನ್ನೆರಡನ್ನು ಆಯ್ದು ರಾಗ ಹಾಕಿದನೆಂದರೆ ಸಾಕು.

ಸರಕಾರಿ ವೈದ್ಯನಾಗಿ ಹಳ್ಳಿಪಟ್ಟಣಗಳನ್ನು ಸುತ್ತಿ ಕೊನೆಗೆ 1819ರಲ್ಲಿ ಆತನು ವೈನ್ಸ್‌ಬರ್ಗ್ ಊರಿನಲ್ಲಿ ನೆಲೆಸಿದನು. ನೆಪೋಲಿಯನ್ನನ ಯುದ್ಧಗಳಿಂದ ಆ ಸೀಮೆ ಬಡವಾಗಿತ್ತು. ಹಂದಿಯ ರಕ್ತ, ಯಕೃತ್ತುಗಳನ್ನು ಕರುಳಿನ ಚೀಲದಲ್ಲಿ ತುಂಬಿ, ಹೊಗೆಯಲ್ಲಿಟ್ಟು ತಿಂಗಳುಗಟ್ಟಲೆ ಇಡುವುದು ಜನರ ವಾಡಿಕೆ. ಈ ಸಾಸೇಜನ್ನು ತಿಂದವರಲ್ಲಿ ಕೆಲವರಿಗೆ ವಿಚಿತ್ರ ರೋಗ ತಗಲುತ್ತಿತ್ತು. ಬಾಯಿ ಒಣಗುವುದು, ರೆಪ್ಪೆಗಳು ಜೋತುಬೀಳುವುದು, ನುಂಗಲಾಗದಿರುವುದು, ಧ್ವನಿ ಉಡುಗುವುದು. ಕಡೆಗೆ ಉಸಿರೇ ನಿಲ್ಲುವುದು. ಇಷ್ಟಾದರೂ ರೋಗಿಯ ಬುದ್ಧಿ ಕೊನೆಯವರೆಗೂ ತಿಳಿಯಾಗಿರುತ್ತಿತ್ತು! ಒಳಗೆ ಎಲ್ಲವೂ ಅರಿವಾಗುತ್ತಿದೆ, ಹೊರಗೆ ಮುಖ ಏನನ್ನೂ ಹೇಳಲಾರದು. ಇಂಥ ಹಾಸಿಗೆಗಳ ಪಕ್ಕದಲ್ಲಿ ಕೆರ್ನರನು ಎಷ್ಟು ಬಾರಿ ಕುಳಿತಿದ್ದನೋ! 1820ರಲ್ಲಿ 76 ರೋಗಿಗಳ ವೃತ್ತಾಂತವನ್ನೂ 1822ರಲ್ಲಿ 155 ರೋಗಿಗಳ ವೃತ್ತಾಂತವನ್ನೂ ಬರೆದು ಪ್ರಕಟಿಸಿದನು.

ಬರೆದು ಸುಮ್ಮನಾಗಲಿಲ್ಲ. ಕೆಟ್ಟ ಸಾಸೇಜಿನಿಂದ ರಸವನ್ನು ತೆಗೆದು ಬೆಕ್ಕು, ಮೊಲ, ಕಪ್ಪೆ, ಹಕ್ಕಿಗಳಿಗೆ ಕೊಟ್ಟು ನೋಡಿದನು. ಆಮೇಲೆ ತನ್ನ ನಾಲಗೆಯ ಮೇಲೆಯೇ ಕೆಲವು ತೊಟ್ಟು ಬಿಟ್ಟುಕೊಂಡನು. ಅಂಗಳೂ ಗಂಟಲೂ ಒಣಗಿಹೋದುವೆಂದು ಬರೆದಿಟ್ಟನು. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು. ಇದನ್ನು ಧೈರ್ಯವೆನ್ನಬೇಕೋ ದುಡುಕೆನ್ನಬೇಕೋ ನನಗೆ ನಿರ್ಧರಿಸಲಾಗಿಲ್ಲ. ಗಾಳಿಯಿಲ್ಲದೆಡೆಯಲ್ಲಿ ಈ ವಿಷ ಹುಟ್ಟುತ್ತದೆ, ನರಗಳ ಸಂದೇಶವನ್ನು ತಡೆಯುತ್ತದೆ ಎಂದು ಆತನು ಕಂಡುಕೊಂಡನು. ಅಂಗಾಂಗಗಳು ತಾವೇ ಕುಣಿಯುವ ರೋಗಗಳಲ್ಲಿ ಇದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಔಷಧವಾದೀತೆಂದೂ ಊಹಿಸಿದನು. ಸೂಕ್ಷ್ಮಜೀವಿಗಳ ಶಾಸ್ತ್ರವೇ ಹುಟ್ಟದಿದ್ದ ಕಾಲವದು!

ಇಷ್ಟು ಕಟ್ಟುನಿಟ್ಟಾದ ಪರೀಕ್ಷಕನು 1829ರಲ್ಲಿ ದೆವ್ವಗಳನ್ನು ಕಾಣುತ್ತಿದ್ದ ರೋಗಿಣಿಯೊಬ್ಬಳ ಮಾತನ್ನು ನಂಬಿ ದೊಡ್ಡ ಗ್ರಂಥವನ್ನೇ ಬರೆದದ್ದು ನನಗೊಂದು ಒಗಟು. ಮುಪ್ಪಿನಲ್ಲಿ ದೃಷ್ಟಿ ಮಂದವಾಯಿತು. ಕಾಗದದ ಮೇಲೆ ಬಿದ್ದ ಶಾಯಿಯ ಕಲೆಗಳನ್ನು ಮಡಿಸಿ, ಮೂಡಿದ ಆಕಾರಗಳಿಗೆ ಪದ್ಯ ಕಟ್ಟುತ್ತ ಕಾಲ ಕಳೆದನು. 1854ರಲ್ಲಿ ಪತ್ನಿ ತೀರಿಕೊಂಡಳು. 1862ರಲ್ಲಿ ವೈನ್ಸ್‌ಬರ್ಗಿನಲ್ಲಿಯೇ ಕೆರ್ನರನೂ ಕಾಲವಾದನು.

ವಿಷವನ್ನುಂಟುಮಾಡುವ ಜೀವಾಣುವನ್ನು ಬೆಲ್ಜಿಯಮಿನ ವಾನ್ ಎರ್ಮೆಂಗೆಮ್ ಪತ್ತೆಮಾಡಿದ್ದು 1895ರಲ್ಲಿ ಶವಸಂಸ್ಕಾರದೂಟವೊಂದರ ಹಂದಿಮಾಂಸ ಜನರನ್ನು ಕೊಂದ ಮೇಲೆ. ಲ್ಯಾಟಿನ್ನಿನಲ್ಲಿ ಬೊಟುಲುಸ್ ಎಂದರೆ ಸಾಸೇಜು. ಬೊಟುಲಿನಮ್ ಎಂಬ ಹೆಸರು ಬಂದುದು ಅದರಿಂದ. ಅಮೆರಿಕದ ಆಲನ್ ಸ್ಕಾಟ್ ಎಂಬ ನೇತ್ರವೈದ್ಯನು 1970ರ ದಶಕದಲ್ಲಿ ಮೆಳ್ಳೆಗಣ್ಣಿಗೆ ಅದನ್ನು ಚುಚ್ಚಿ ಗುಣ ಕಂಡನು. 1987ರಲ್ಲಿ ಕೆನಡಾದ ಜೀನ್ ಕರುದರ್ಸ್ ಎಂಬ ವೈದ್ಯೆಗೆ, ರೆಪ್ಪೆಯ ಸೆಳೆತಕ್ಕೆ ಈ ಮದ್ದು ಪಡೆದವರ ಹುಬ್ಬಿನ ನಡುವಣ ಸುಕ್ಕೂ ಮಾಯವಾದದ್ದು ಗೊತ್ತಾಯಿತು. ಚರ್ಮವೈದ್ಯನಾದ ಪತಿಯೊಡನೆ ಆಕೆ 1992ರಲ್ಲಿ ಅದನ್ನು ಪ್ರಕಟಿಸಿದಳು. 2002ರಲ್ಲಿ ಅಮೆರಿಕದ ಸರಕಾರ ಸುಕ್ಕಿಗೂ ಅನುಮತಿ ಕೊಟ್ಟಿತು. ನರದ ತುದಿಯಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ಅಲ್ಲಿಗೇ ನಿಲ್ಲುತ್ತದೆ. ಸ್ನಾಯು ಸಡಿಲಗೊಂಡು ಚರ್ಮ ಮಡಿಚಿಕೊಳ್ಳುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

ಅತ್ತೆ ಮೊನ್ನೆ ಗೌರೀಹಬ್ಬಕ್ಕೆ ಬಂದಿದ್ದರು. ಈ ಲೇಖನವನ್ನು ಓದಿ ಹೇಳಿದೆ. ಹಂದಿಯ ರಕ್ತದ ಮಾತು ಬಂದ ಕೂಡಲೆ, ಈರುಳ್ಳಿಯನ್ನೂ ಮುಟ್ಟದ ಅತ್ತೆಯವರ ಹುಬ್ಬು ಚೆನ್ನಾಗಿಯೇ ಗಂಟಿಕ್ಕಿತು.