ಶಿವಶರಣೆ ಆಯ್ದಕ್ಕಿ ಲಕ್ಕಮ್ಮನು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಪಟ್ಟಣಕ್ಕೆ ಬಂದು ನೆಲೆಸಿದ ಬಡ ದಂಪತಿಗಳು ಮಾರಯ್ಯ ಲಕ್ಕಮ್ಮರು. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ದಾಸೋಹವು ಸಾಗುತ್ತಿದ್ದುದರಿಂದ ಅದರ ಅಂಗಳದಲ್ಲಿ ಅಕ್ಕಿಯ ಕಾಳುಗಳು ಚೆಲ್ಲಿರುತ್ತಿದ್ದವು. ಮಾರಯ್ಯನು ಅವನ್ನು ಆಯ್ದು ತರುವನು. ಲಕ್ಕಮ್ಮನು ಅದನ್ನು ಅಟ್ಟು ಜಂಗಮಕ್ಕೆ ನೀಡಿ, ಮಿಕ್ಕುದನ್ನು ಪತಿಯೊಡನೆ ಪ್ರಸಾದವಾಗಿ ಸ್ವೀಕರಿಸುವಳು. ಇದೇ ಅವರ ಕಾಯಕವು. ಇದರಿಂದಲೇ ಆಯ್ದಕ್ಕಿಯೆಂಬ ಹೆಸರು ಅವರಿಗೆ ನಿಂತಿತು.

ಒಂದು ದಿನ ಮಾರಯ್ಯನು ಅಲ್ಲಮಪ್ರಭುದೇವರ ಅನುಭಾವದಲ್ಲಿ ತನ್ಮಯನಾಗಿ ಕಾಯಕದ ವೇಳೆಯನ್ನೇ ಮರೆತನು. ಲಕ್ಕಮ್ಮನು ನೆನಪು ಮಾಡಿಕೊಟ್ಟಳು. ಸತ್ಸಂಗದ ಸವಿಯೂ ಒಂದು ಮೋಹವಾಗಬಲ್ಲುದೆಂಬುದು ಆಕೆಗೆ ತಿಳಿದಿತ್ತು. ಅವಸರದಿಂದ ಹೋದ ಮಾರಯ್ಯನಿಗೆ ಅಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಕಂಡಿತು. ಬಸವಣ್ಣನವರು ಪರೀಕ್ಷಾರ್ಥವಾಗಿ ಚೆಲ್ಲಿಸಿದುದೆಂದು ಹೇಳುವರು. ಆತನು ಅದೆಲ್ಲವನ್ನೂ ಕಟ್ಟಿಕೊಂಡು ಮನೆಗೆ ಬಂದನು. ಗಂಟನ್ನು ಕಂಡೊಡನೆಯೇ ಲಕ್ಕಮ್ಮನು ಅಳತೆ ಮೀರಿತೆಂದು ಅರಿತು, ಈ ಆಸೆ ಯಾರದೆಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತೆಗೆದ ಎಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಮರುಮಾತಾಡದೆ ಸುರಿದು ಬಂದನು.

ಕಣಜ ತುಂಬಿದವನು ಒಂದು ಚೀಲವನ್ನು ಕೊಟ್ಟರೆ ಲೋಕವು ಅವನನ್ನು ತ್ಯಾಗಿಯೆಂದು ಕೊಂಡಾಡುವುದು. ಇಲ್ಲಿಯಾದರೋ ಗಡಿಗೆ ಬರಿದಾಗಿತ್ತು. ನಾಳೆ ಗಂಡನು ಜ್ವರದಿಂದ ಮಲಗಬಹುದು. ಮಳೆ ಬಂದು ಅಂಗಳದ ಕಾಳು ಕೊಚ್ಚಿಹೋಗಬಹುದು. ದೇಹವು ಅಸ್ಥಿರ, ದಿನವು ಅನಿಶ್ಚಿತವೆಂದು ಬಲ್ಲವರು ಬಹುಮಂದಿ; ಬಲ್ಲುದರಿಂದಲೇ ಅವರು ಕೂಡಿಡುವರು. ಲಕ್ಕಮ್ಮನು ಬಲ್ಲುದರಿಂದಲೇ ಕೂಡಿಡಲೊಲ್ಲಳು. ಅರಣ್ಯಕ್ಕೆ ಹೋಗಿ ಬಿಡುವ ಸಂಸಾರವನ್ನು ಆಕೆ ಒಲೆಯ ಮುಂದೆ ಕುಳಿತೇ ಬಿಟ್ಟಿದ್ದಳು. ಹೀಗೆ ಬಿಡುವುದು ಹೆಚ್ಚು ಕಷ್ಟವಾದುದು, ಏಕೆಂದರೆ ಹಸಿವು ಪ್ರತಿದಿನವೂ ಮರಳಿ ಬರುತ್ತದೆ.

ಬಳಿಕ ಆ ದಂಪತಿಗಳು ಬಸವಣ್ಣನವರನ್ನೂ 1,96,000 ಜಂಗಮರನ್ನೂ ಬಿನ್ನಹಕ್ಕೆ ಕರೆದು ಆಯ್ದ ಅಕ್ಕಿಯಿಂದಲೇ ತೃಪ್ತಿಪಡಿಸಿದರೆಂದು ಪರಂಪರೆಯು ಹೇಳುತ್ತದೆ. ಈ ಪವಾಡವನ್ನು ವರ್ಣಿಸಿದವರು ಅನೇಕರು. ಅದಕ್ಕೆ ಮೊದಲು ಹಿಂದಕ್ಕೆ ಸುರಿದ ಅಕ್ಕಿಯೇ ದೊಡ್ಡದು.

ಗೂಳೂರ ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಸಂವಾದವು ವಿಸ್ತಾರವಾಗಿ ಬಂದಿದೆ. ಮಾರಯ್ಯನ ಮನಸ್ಸು ಮುಂದಿನ ಪದವಿಯತ್ತ ಹರಿದಾಗ ಲಕ್ಕಮ್ಮನು ಅದನ್ನೂ ತಡೆದಳು. ಮಾಡುವ ದಾಸೋಹವು ಕೈಯಲ್ಲಿರುವಾಗ ಅದನ್ನು ಬಿಟ್ಟು ಕೈಲಾಸವನ್ನು ಬಯಸುವುದು ಅಕ್ಕಿಯ ಆಸೆಯಂತೆಯೇ ಇನ್ನೊಂದು ಆಸೆಯೆಂಬುದು ಆಕೆಯ ನಿಲುವು. ಪತಿಯು ಶಿಷ್ಯನಂತೆ ಕೇಳಿದನು, ಸತಿಯು ಗುರುವಿನಂತೆ ನುಡಿದಳು. ಇದರಿಂದ ಇಬ್ಬರಿಗೂ ಕುಂದು ಬರಲಿಲ್ಲ.

ಲಕ್ಕಮ್ಮನವೆಂದು ದೊರೆತ ವಚನಗಳು 25. ತಾನು ತಿದ್ದಿದ ಪತಿಯ ಹೆಸರನ್ನೇ ಮುಂದಿಟ್ಟುಕೊಂಡು, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂಬ ಅಂಕಿತದಿಂದ ಆಕೆ ಅವನ್ನು ಮುಗಿಸಿದ್ದಾಳೆ.