ಆಕ್ಸೆಲ್ ಫ್ರೆಡ್ರಿಕ್ ಕ್ರಾನ್‌ಸ್ಟೆಡ್

ಆಕ್ಸೆಲ್ ಫ್ರೆಡ್ರಿಕ್ ಕ್ರಾನ್‌ಸ್ಟೆಡ್ (ಡಿಸೆಂಬರ್ 23, 1722 – ಆಗಸ್ಟ್ 19, 1765) ಸ್ವೀಡನ್ ದೇಶದ ಖನಿಜವಿಜ್ಞಾನಿ ಹಾಗೂ ರಸಾಯನವಿಜ್ಞಾನಿ. ನಿಕ್ಕಲ್ ಲೋಹವನ್ನು ಕಂಡುಹಿಡಿದವನೆಂದು ಪ್ರಸಿದ್ಧ. ಜಿಯೊಲೈಟ್ ಎಂಬ ಸರಂಧ್ರ ಖನಿಜಗಳನ್ನು ಮೊದಲು ಗುರುತಿಸಿ ಹೆಸರಿಟ್ಟವನೂ ಈತನೇ.

ಜೀವನ

ಸೋಡರ್‌ಮಾನ್‌ಲ್ಯಾಂಡ್ ಪ್ರಾಂತ್ಯದಲ್ಲಿ ಸೇನಾಧಿಕಾರಿಯೊಬ್ಬನ ಮಗನಾಗಿ ಜನಿಸಿದ. ಉಪ್ಸಾಲದಲ್ಲಿ ವ್ಯಾಸಂಗ ಮಾಡಿ, ಕೋಬಾಲ್ಟನ್ನು ಕಂಡುಹಿಡಿದ ಗೇಯೋರ್ಗ್ ಬ್ರಾಂಟ್‌ನಲ್ಲಿ ರಸಾಯನವಿಜ್ಞಾನವನ್ನು ಕಲಿತ. ಗಣಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ. 1753ರಲ್ಲಿ ಸ್ವೀಡನ್ನಿನ ರಾಜಮನ್ನಣೆಯ ವಿಜ್ಞಾನ ಅಕಾಡೆಮಿಯ ಸದಸ್ಯನಾದ.

ನಿಕ್ಕಲ್

ಜರ್ಮನ್ ಗಣಿಗಾರರು ತಾಮ್ರದ ಅದುರಿನಂತೆ ಕಂಡರೂ ತಾಮ್ರವನ್ನೇ ಕೊಡದ ಒಂದು ಅದುರಿಗೆ ತಾಮ್ರದ ಪಿಶಾಚಿ ಎಂಬರ್ಥದ ಹೆಸರಿಟ್ಟಿದ್ದರು. ಲೂಸ್ ಎಂಬಲ್ಲಿನ ಕೋಬಾಲ್ಟ್ ಗಣಿಯ ಅದುರಿನಿಂದ ಕ್ರಾನ್‌ಸ್ಟೆಡ್ 1751ರಲ್ಲಿ ಹೊಸ ಲೋಹವನ್ನು ಬೇರ್ಪಡಿಸಿ, ಮುಂದೆ ಆ ಪಿಶಾಚಿಯ ಹೆಸರನ್ನೇ ಅದಕ್ಕೆ ಉಳಿಸಿದ. ಅದು ಕೇವಲ ಮಿಶ್ರಲೋಹವೆಂದು ಕೆಲವು ರಸಾಯನವಿಜ್ಞಾನಿಗಳು ವಾದಿಸಿದರು. ಟೋರ್ಬರ್ನ್ ಬರ್ಗ್‌ಮನ್ 1775ರಲ್ಲಿ ಹೆಚ್ಚು ಶುದ್ಧವಾದ ನಿಕ್ಕಲನ್ನು ತಯಾರಿಸಿ ಈ ಶೋಧವನ್ನು ಸಮರ್ಥಿಸಿದಾಗ ಕ್ರಾನ್‌ಸ್ಟೆಡ್ ಬದುಕಿರಲಿಲ್ಲ.

ಜಿಯೊಲೈಟ್

ಕ್ರಾನ್‌ಸ್ಟೆಡ್‌ನ ನೆಚ್ಚಿನ ಉಪಕರಣ ಊದುಕೊಳವೆ. ಜ್ವಾಲೆಯ ಮೇಲೆ ಬಾಯಿಂದ ಗಾಳಿ ಊದಿ, ಅದರ ತೀವ್ರ ಶಾಖಕ್ಕೆ ಖನಿಜದ ಚೂರನ್ನು ಒಡ್ಡಿ ಪರೀಕ್ಷಿಸುವ ಈ ಸರಳ ವಿಧಾನವನ್ನು ಖನಿಜಗಳ ವ್ಯವಸ್ಥಿತ ವಿಶ್ಲೇಷಣೆಗೆ ಬಳಕೆಗೆ ತಂದವರಲ್ಲಿ ಈತ ಪ್ರಮುಖ. ಹೀಗೆ ಕಾಯಿಸಿದ ಒಂದು ಖನಿಜ ನೊರೆಯುಕ್ಕಿ ಕುದಿಯುವಂತೆ ಕಂಡಿತು. ಅದರೊಳಗಿನ ನೀರು ಆವಿಯಾಗಿ ಹೊರಬರುತ್ತಿತ್ತು. 1756ರಲ್ಲಿ ಇದನ್ನು ವರ್ಣಿಸಿ, ಕುದಿಯುವ ಕಲ್ಲು ಎಂಬರ್ಥದ ಗ್ರೀಕ್ ಪದಗಳಿಂದ ಜಿಯೊಲೈಟ್ ಎಂಬ ಹೆಸರನ್ನು ಕಟ್ಟಿದ.

ನೀರು ಕಲ್ಲಿನೊಳಗೆ ನೆಲೆಸಿದ್ದ ಬಗೆ ಆಗ ತಿಳಿದಿರಲಿಲ್ಲ. ನೀರನ್ನು ಕಳೆದುಕೊಂಡ ಜಿಯೊಲೈಟ್ ಅದನ್ನು ಮರಳಿ ಹೀರಿಕೊಳ್ಳಬಲ್ಲದೆಂಬುದನ್ನು ಫ್ರಾನ್ಸಿನ ದಮೂರ್ 1840ರಲ್ಲಿ ತೋರಿಸಿದ. ಸಿಲಿಕಾನ್, ಅಲ್ಯೂಮಿನಿಯಮ್ ಮತ್ತು ಆಕ್ಸಿಜನ್ ಪರಮಾಣುಗಳ ಹಂದರದಲ್ಲಿ ಅಣುಗಾತ್ರದ ನಾಳಗಳಿರುವುದು 20ನೆಯ ಶತಮಾನದಲ್ಲಿ ಕ್ಷ-ಕಿರಣ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಖನಿಜಗಳ ವರ್ಗೀಕರಣ

1758ರಲ್ಲಿ ಪ್ರಕಟವಾದ ಈತನ ಖನಿಜವಿಜ್ಞಾನದ ಗ್ರಂಥದಲ್ಲಿ ಕರ್ತೃವಿನ ಹೆಸರಿರಲಿಲ್ಲ. ಬಣ್ಣ, ಆಕಾರಗಳಿಗಿಂತ ರಾಸಾಯನಿಕ ಘಟಕಗಳೇ ವರ್ಗೀಕರಣಕ್ಕೆ ಆಧಾರವಾಗಬೇಕೆಂದು ಅದು ಪ್ರತಿಪಾದಿಸಿತು. ಈತನ ಕೃತಿಗಳಲ್ಲಿ ಇದೇ ಅತ್ಯಂತ ಪ್ರಭಾವಶಾಲಿಯೆನ್ನಬಹುದು.

ಅನಂತರದ ಬೆಳವಣಿಗೆ

ರಿಚರ್ಡ್ ಬ್ಯಾರರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಜಿಯೊಲೈಟ್‌ಗಳನ್ನು ತಯಾರಿಸಿದರು. 1961ರಲ್ಲಿ ಬ್ಯಾರರ್ ಮತ್ತು ಡೆನ್ನಿ ಸಂಶ್ಲೇಷಣೆಗೆ ಸಾವಯವ ಅಯಾನುಗಳನ್ನು ಬಳಸಿದರು. ಇಂಥ ಅಯಾನುಗಳ ಸುತ್ತ ಹಂದರ ಬೆಳೆಯುತ್ತದೆ. ಬಳಿಕ ಸುಟ್ಟು ತೆಗೆದರೆ ಅಚ್ಚು ಕಳಚಿದಂತೆ ರಂಧ್ರಗಳು ಉಳಿಯುತ್ತವೆ. 1992ರಲ್ಲಿ ಮೊಬಿಲ್ ಸಂಸ್ಥೆಯ ವಿಜ್ಞಾನಿಗಳು ಸಾಬೂನಿನಂಥ ಅಣುಗಳ ಗುಂಪುಗಳನ್ನೇ ಅಚ್ಚಾಗಿಸಿ, ಇನ್ನೂ ಅಗಲವಾದ ರಂಧ್ರಗಳುಳ್ಳ ಸಿಲಿಕಾ ವಸ್ತುಗಳನ್ನು ವರದಿ ಮಾಡಿದರು.